ಮನೆ ಪೂರ್ತಿ ಎಲ್‌ಇಡಿ ಮಾಡಿದೆ, ಈಗ ಅಪ್ಪನಿಗೆ ಪೇಪರ್ ಓದೋಕೆ ಕಷ್ಟ ಆಗ್ತಿದೆ

ಹೊಸಬೆಳಕು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಸಲಹೆ ಕೊಡಿ.

ಎಂಟು ತಿಂಗಳ ಹಿಂದೆ ಒಂದು ಭಾನುವಾರ ಸ್ಟೂಲ್ ಹಾಕ್ಕೊಂಡು ಮನೇಲಿರೋ ಬಲ್ಬ್ ಎಲ್ಲಾ ಒಂದೇ ಸಲ ಬದಲಾಯಿಸಿದೆ. 60 ವಾಟಿನ ಹಳದಿ ಬಲ್ಬ್ ಐದಿದ್ವು, ಸಿಎಫ್‌ಎಲ್ ನಾಲ್ಕು, ಟ್ಯೂಬ್‌ಲೈಟ್ ಎರಡು. ಬಲ್ಬ್ ಇದ್ದ ಕಡೆ ಎಲ್ಲಾ 9 ವಾಟಿನ ಎಲ್‌ಇಡಿ, ಟ್ಯೂಬ್ ಇದ್ದ ಕಡೆ 20 ವಾಟಿನ ಎಲ್‌ಇಡಿ ಟ್ಯೂಬ್. ಎಲ್ಲದರ ಡಬ್ಬದ ಮೇಲೂ 6500 ಕೆ ಅಂತ ಇತ್ತು. ಬೆಳ್ಳಗಿದ್ದಷ್ಟೂ ಬೆಳಕು ಜಾಸ್ತಿ ಅಂದ್ಕೊಂಡು ತಂದೆ.

ಕರೆಂಟ್ ಉಳಿದಿರೋದು ನಿಜ. ತಿಂಗಳಿಗೆ ಹತ್ತಿರ ಹತ್ತಿರ 40 ಯೂನಿಟ್ ಇಳಿದಿದೆ. ಆದರೆ ಮೂರು ತೊಂದರೆ ಶುರುವಾಗಿವೆ.

ಒಂದು, ಅಪ್ಪನಿಗೆ 72 ವರ್ಷ. ಮೊದಲು ಹಾಲ್‌ನಲ್ಲಿ ಹಳದಿ ಬಲ್ಬ್ ಕೆಳಗೆ ಕೂತು ಪೇಪರ್ ಓದೋರು. ಈಗ "ಬೆಳಕು ಕಣ್ಣಿಗೆ ಚುಚ್ಚುತ್ತೆ, ಅಕ್ಷರ ಮಾತ್ರ ಕಾಣಲ್ಲ" ಅಂತ ಬೆಳಿಗ್ಗೆ ಕಿಟಕಿ ಹತ್ತಿರ ಮಾತ್ರ ಓದ್ತಾರೆ. ಸಂಜೆ ಪೇಪರ್ ಮಡಿಚಿ ಇಟ್ಟುಬಿಡ್ತಾರೆ. ನನಗೆ ಅದು ನೋಡೋಕೆ ತುಂಬಾ ಬೇಜಾರು.

ಎರಡು, ಬಚ್ಚಲು ಮತ್ತು ಪ್ಯಾಸೇಜಿನಲ್ಲಿ ಗಾಜಿನ ಬುರುಡೆ ಒಳಗೆ ಹಾಕಿದ ಬಲ್ಬ್‌ಗಳಲ್ಲಿ ಮೂರು ಆಗಲೇ ಸುಟ್ಟುಹೋದ್ವು. ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿದೆ.

ಮೂರು, ಪ್ಯಾಸೇಜಿನ ಬಲ್ಬ್ ಆಫ್ ಮಾಡಿದ ಮೇಲೂ ರಾತ್ರಿ ಮಿಣುಕ್ ಮಿಣುಕ್ ಅಂತ ಉರೀತಾ ಇರುತ್ತೆ. ಮಗಳು ಹೆದರ್ತಾಳೆ.

ಹಳೇ ಬಲ್ಬಿಗೇ ವಾಪಸ್ ಹೋಗಬೇಕಾ?

ಕಟಿಂಗ್‌ಪ್ಲೇಯರ್

ಮೂರನೇದಕ್ಕೆ ಮೊದಲು ಹೇಳ್ತೀನಿ, ಯಾಕಂದ್ರೆ ಅದರಲ್ಲಿ ಅಪಾಯ ಇರಬಹುದು. ಆ ಸ್ವಿಚ್ಚಲ್ಲಿ ಕೆಂಪು ಸಣ್ಣ ಇಂಡಿಕೇಟರ್ ಇದೆಯಾ?

ಹೊಸಬೆಳಕು

ಇದೆ ಅಣ್ಣ. ಕತ್ತಲಲ್ಲಿ ಸ್ವಿಚ್ ಕಾಣಲಿ ಅಂತ ಹಾಕಿಸಿದ್ದು.

ಕಟಿಂಗ್‌ಪ್ಲೇಯರ್

ಮುಕ್ಕಾಲು ಪಾಲು ಅದೇ ಕಾರಣ. ಸ್ವಿಚ್ ಆಫ್ ಆದಾಗ ಆ ಇಂಡಿಕೇಟರ್ ಉರಿಯೋಕೆ ಬೇಕಾದ ಚೂರು ಕರೆಂಟ್ ಬಲ್ಬಿನ ಮೂಲಕಾನೇ ಹಾದು ಹೋಗ್ಬೇಕು. ಹಳದಿ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ, ತಂತಿ ಬೆಚ್ಚಗೂ ಆಗಲ್ಲ. ಎಲ್‌ಇಡಿ ಒಳಗಿನ ಕೆಪ್ಯಾಸಿಟರ್ ಮಾತ್ರ ಅದನ್ನ ಹನಿ ಹನಿಯಾಗಿ ಕೂಡಿಟ್ಟುಕೊಳ್ಳುತ್ತೆ. ತುಂಬಿದಾಗ ಒಂದು ಸಲ ಮಿಣುಕ್ ಅನ್ನುತ್ತೆ, ಮತ್ತೆ ತುಂಬುತ್ತೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದ್ರೆ ನಿಲ್ಲುತ್ತೆ.

ನಿಲ್ಲದೇ ಇದ್ರೆ ಇನ್ನೊಂದು ಕಾರಣ ಇದೆ, ಅದನ್ನ ಹಗುರವಾಗಿ ತಗೋಬೇಡಿ. ಕೆಲವು ಮನೇಲಿ ವೈರಿಂಗ್ ಮಾಡಿದವರು ಸ್ವಿಚ್ಚಿಗೆ ಫೇಸ್ (ಕರೆಂಟ್ ಬರೋ ತಂತಿ) ಕೊಡೋ ಬದಲು ನ್ಯೂಟ್ರಲ್ (ವಾಪಸ್ ಹೋಗೋ ತಂತಿ) ಕೊಟ್ಟಿರ್ತಾರೆ. ಬಲ್ಬ್ ಹತ್ತುತ್ತೆ, ಆರುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ. ಆದ್ರೆ ಆಫ್ ಮಾಡಿದ ಮೇಲೂ ಹೋಲ್ಡರಿಗೆ ಫೇಸ್ ಬಂದೇ ಇರುತ್ತೆ. ಬಲ್ಬ್ ಬದಲಾಯಿಸೋಕೆ ಕೈ ಹಾಕಿದವರಿಗೆ ಹೊಡೆಯುತ್ತೆ. ಎಷ್ಟೋ ವರ್ಷ ಗೊತ್ತೇ ಆಗದ ಈ ತಪ್ಪು ಎಲ್‌ಇಡಿ ಹಾಕಿದ ಮೇಲೆ ಮಿಣುಕಿ ಹೊರಗೆ ಬಂದಿರೋದನ್ನ ನಾನು ಸುಮಾರು ಮನೇಲಿ ನೋಡಿದೀನಿ. ಎಲೆಕ್ಟ್ರಿಷಿಯನ್ ಕರೆಸಿ, ಸ್ವಿಚ್ ಆಫ್ ಇಟ್ಟು ಹೋಲ್ಡರಲ್ಲಿ ಟೆಸ್ಟರ್ ಇಟ್ಟು ನೋಡಿಸಿ. ನೀವೇ ಮಾಡೋಕೆ ಹೋಗ್ಬೇಡಿ.

ಹಳದಿಯೇಸಾಕು

ನಾನು ಎರಡು ವರ್ಷ ಎಲ್‌ಇಡಿ ಬಳಸಿ ಮಲಗೋ ಕೋಣೆಯದ್ದೆಲ್ಲಾ ಕಿತ್ತೆ. ಆ ಬಿಳಿ ಬೆಳಕಲ್ಲಿ ಮನೆ ಮನೆ ಥರ ಇರಲ್ಲ. ಮುಖ ಎಲ್ಲಾ ಹೆಣದ ಥರ ಕಾಣುತ್ತೆ. ರಾತ್ರಿ ಹನ್ನೊಂದಾದ್ರೂ ನಿದ್ದೆ ಹತ್ತಲ್ಲ. ಹೊಸಬೆಳಕು ಅವರೇ, ನಿಮ್ಮ ತಂದೆ ಹೇಳ್ತಿರೋದು ಸರಿ. ಅವರ ಮಾತು ಕೇಳಿ, ಹಳೇ ಬಲ್ಬ್ ಹಾಕಿ.

ಮೇಷ್ಟ್ರು

ಹಳದಿಯೇಸಾಕು ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಎಲ್‌ಇಡಿಯದ್ದಲ್ಲ, 6500ರದ್ದು. ಇವೆರಡನ್ನೂ ಒಂದೇ ಎಂದು ತಿಳಿದೇ ಎಷ್ಟೋ ಜನ ಒಳ್ಳೆಯ ದೀಪವನ್ನು ದೂರುತ್ತಾರೆ. ಭೌತಶಾಸ್ತ್ರ ಪಾಠ ಮಾಡುವವನು, ಸ್ವಲ್ಪ ಬಿಡಿಸಿ ಹೇಳಲು ಬಿಡಿ.

ಡಬ್ಬದ ಮೇಲೆ ನಾಲ್ಕು ಸಂಖ್ಯೆಗಳಿರುತ್ತವೆ. ನಾವು ಹಳೆಯ ಅಭ್ಯಾಸದಿಂದ ವಾಟ್ ಒಂದನ್ನೇ ನೋಡುತ್ತೇವೆ. ವಾಟ್ ಎಂದರೆ ಬಲ್ಬು ಎಳೆಯುವ ಕರೆಂಟಿನ ಲೆಕ್ಕ, ಕೊಡುವ ಬೆಳಕಿನದ್ದಲ್ಲ. ಬೆಳಕಿನ ಲೆಕ್ಕಕ್ಕೆ ಲುಮೆನ್ ಇದೆ. 60 ವಾಟಿನ ಹಳೆಯ ಬಲ್ಬು ಕೊಡುತ್ತಿದ್ದದ್ದು 700ರಿಂದ 800 ಲುಮೆನ್. ಟಂಗ್‌ಸ್ಟನ್ ತಂತಿಯನ್ನು 2,500 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ ಬೆಳಕು ಪಡೆಯುವ ವಿಧಾನ ಅದು. ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಶಾಖವಾಗಿಯೇ ಹೋಗುತ್ತದೆ. ಅಷ್ಟೇ ಲುಮೆನ್ನನ್ನು ಎಲ್‌ಇಡಿ 8–9 ವಾಟಿನಲ್ಲಿ ಕೊಡುತ್ತದೆ. ಎರಡು ಕಂಪನಿಗಳ 9 ವಾಟಿನ ಬಲ್ಬುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದರಲ್ಲಿ 720 ಲುಮೆನ್, ಇನ್ನೊಂದರಲ್ಲಿ 900 ಇದ್ದೀತು. ಕೊಳ್ಳುವಾಗ ಹೋಲಿಸಬೇಕಾದದ್ದು ಇದನ್ನು.

ಇನ್ನು ಕೆಲ್ವಿನ್. ಇದು ಬೆಳಕು ಎಷ್ಟು ಎಂದು ಹೇಳುವುದಿಲ್ಲ, ಎಂಥದ್ದು ಎಂದು ಹೇಳುತ್ತದೆ. ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳುಪಿಗೆ ತಿರುಗುತ್ತದಲ್ಲ, ಆ ಬಣ್ಣದ ಲೆಕ್ಕವೇ ಇದು. 2700 ಎಂದರೆ ನಮ್ಮ ಹಳದಿ ಬಲ್ಬಿನ ಬಣ್ಣ. 4000 ನಡುವಿನದ್ದು. 6500 ಮಧ್ಯಾಹ್ನದ ಆಕಾಶದ ಬೆಳಕಿನ ಹಾಗೆ ನೀಲಿ ಬೆರೆತ ಬಿಳುಪು. ಮಲಗುವ ಕೋಣೆಯಲ್ಲಿ ರಾತ್ರಿ ಹತ್ತಕ್ಕೆ ಮಧ್ಯಾಹ್ನವನ್ನು ತಂದಿಟ್ಟರೆ ನಿದ್ದೆ ದೂರ ಹೋಗುವುದು ಸಹಜ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ನೋಡುವುದಕ್ಕಲ್ಲದೆ ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸುವುದಕ್ಕಾಗಿಯೇ ಇರುವ ಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು 480 ನ್ಯಾನೋಮೀಟರ್ ತರಂಗಾಂತರದ ಸುತ್ತಲಿನ ನೀಲಿ ಬೆಳಕಿಗೆ. ನಿದ್ದೆ ತರುವ ಮೆಲಟೋನಿನ್ ಸ್ರವಿಸುವುದನ್ನು ಆ ಬೆಳಕು ತಡೆಯುತ್ತದೆ.

ಎಲ್‌ಇಡಿಯಲ್ಲೇ 2700 ಕೆಲ್ವಿನ್ನಿನದ್ದು ಸಿಗುತ್ತದೆ. ಡಬ್ಬದ ಮೇಲೆ ವಾರ್ಮ್ ವೈಟ್ ಎಂದಿರುತ್ತದೆ. ಹಳೆಯ ಬಲ್ಬಿಗೆ ಮರಳುವ ಅಗತ್ಯವೇ ಇಲ್ಲ.

ಹಳದಿಯೇಸಾಕು

ಮೇಷ್ಟ್ರೇ, ವಾರ್ಮ್ ವೈಟ್ ಕೂಡ ತಂದು ನೋಡಿದೀನಿ. ಬಣ್ಣ ಹಳದಿ ಇದೆ ನಿಜ, ಆದ್ರೆ ಹಳೇ ಬಲ್ಬಲ್ಲಿ ಕಾಣ್ತಿದ್ದ ಹಾಗೆ ಕಾಣಲ್ಲ. ಕೆಂಪು ಬಟ್ಟೆ ಕಂದು ಥರ, ಕಡು ನೀಲಿ ಕಪ್ಪಿನ ಥರ. ಬೀರು ಮುಂದೆ ನಿಂತು ಕಡು ನೀಲಿ ಪ್ಯಾಂಟ್ ಅಂತ ಕಪ್ಪು ತೆಗೆದಿದೀನಿ. ಇದು ನನ್ನ ಭ್ರಮೆ ಅಂತೀರಾ?

ಮೇಷ್ಟ್ರು

ಭ್ರಮೆ ಅಲ್ಲವೇ ಅಲ್ಲ. ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಅದಕ್ಕೆ ಹೆಸರೂ ಇದೆ, ಸಂಖ್ಯೆಯೂ ಇದೆ: ಸಿಆರ್‌ಐ. ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಳತೆ. ಹಳೆಯ ಬಲ್ಬಿಗೆ 100. ಸಾಮಾನ್ಯ ಎಲ್‌ಇಡಿಗೆ 80.

ಕಾರಣ ಅದು ಹುಟ್ಟಿದ ರೀತಿಯಲ್ಲೇ ಇದೆ. ಬಿಳಿ ಬೆಳಕು ಕೊಡುವ ಎಲ್‌ಇಡಿ ಚಿಪ್ ಎಂಬುದು ಮೂಲದಲ್ಲಿ ನೀಲಿ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಲೇಪ ಇರುತ್ತದೆ. ಆರಿದ ಬಲ್ಬಿನ ಮುಚ್ಚಳ ತೆಗೆದು ನೋಡಿದರೆ ಹಳದಿ ಚುಕ್ಕಿಗಳು ಕಾಣುತ್ತವಲ್ಲ, ಅದು ಆ ಲೇಪ. ನೀಲಿಯ ಒಂದು ಪಾಲು ಹಾಗೇ ಹೊರಬರುತ್ತದೆ, ಉಳಿದ ಪಾಲು ಲೇಪದಲ್ಲಿ ಹಳದಿಯಾಗಿ ಮಾರ್ಪಡುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ. ಕಡುಗೆಂಪಿನ ಭಾಗ ಮಾತ್ರ ಅದರಲ್ಲಿ ಕಡಿಮೆ. ಕೆಂಪೇ ಬೀಳದಿದ್ದರೆ ಕೆಂಪು ಬಟ್ಟೆ ಕೆಂಪಾಗಿ ಕಾಣುವುದು ಹೇಗೆ? ಚರ್ಮದ ಬಣ್ಣಕ್ಕೂ ಇದೇ ಕಥೆ.

ಸಿಆರ್‌ಐ 90ಕ್ಕಿಂತ ಹೆಚ್ಚಿರುವ 2700 ಕೆಲ್ವಿನ್ ಬಲ್ಬನ್ನು ಒಂದೇ ಒಂದು ತಂದು ಬೀರಿನ ಮುಂದೆ ಹಾಕಿ ನೋಡಿ. ಲುಮೆನ್ ಸ್ವಲ್ಪ ಕಡಿಮೆ ಇರುತ್ತದೆ, ಅಷ್ಟೇ.

ಈ ನೀಲಿ ಚಿಪ್‌ಗಾಗಿ ಜಗತ್ತು ಎಷ್ಟು ಕಾದಿತ್ತು ಎನ್ನುವುದನ್ನು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ವಿಜ್ಞಾನಿ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿದ್ದರು. ಹಸಿರೂ ಬಂತು. ನೀಲಿ ಇಲ್ಲದೆ ಬಿಳಿ ಇಲ್ಲ, ಬಿಳಿ ಇಲ್ಲದೆ ಮನೆಗೆ ದೀಪವಿಲ್ಲ. ನೀಲಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದಂತೆ ಬೆಳೆಸುವುದು ಆಗದ ಕೆಲಸ ಎಂದು ಹೆಚ್ಚಿನವರು ಕೈಬಿಟ್ಟಿದ್ದರು. ಜಪಾನ್ ಮೂಲದ ವಿಜ್ಞಾನಿಗಳಾದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಕಮುರ ಮಾತ್ರ ಬಿಡಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಪ್ರಖರವಾದ ನೀಲಿ ಬಂತು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ಓದುವಕಣ್ಣು

ತಂದೆಯವರ ವಿಷಯಕ್ಕೆ ಬರ್ತೀನಿ. ನಾನು ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡೋಳು. ವಯಸ್ಸಾದವರು ಈ ದೂರು ತಂದಾಗ ಮನೆಯವರು "ಅವರಿಗೆ ಹೊಸದು ಏನೂ ಒಗ್ಗಲ್ಲ" ಅಂತ ತಳ್ಳಿಹಾಕ್ತಾರೆ. ನೀವು ಹಾಗೆ ಮಾಡಲಿಲ್ಲ, ಅದು ನನಗೆ ತುಂಬಾ ಇಷ್ಟ ಆಯ್ತು.

ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗ್ತಾ ಹೋಗುತ್ತೆ, ಒಳಗಿನ ಮಸೂರ ಹಳದಿಯಾಗುತ್ತೆ. 60 ವರ್ಷದವರ ಹಿಂಪರದೆಗೆ ತಲುಪೋ ಬೆಳಕು 20 ವರ್ಷದವರಿಗೆ ತಲುಪೋದರ ಮೂರನೇ ಒಂದು ಪಾಲು ಮಾತ್ರ ಅಂತ ಲೆಕ್ಕ. ಅಂದ್ರೆ ಅವರಿಗೆ ನಿಮಗಿಂತ ಜಾಸ್ತಿ ಬೆಳಕು ಬೇಕು. ಅದೇ ಸಮಯಕ್ಕೆ ಮಸೂರ ಮಬ್ಬಾಗಿರೋದ್ರಿಂದ ನೇರವಾಗಿ ಕಣ್ಣಿಗೆ ಬೀಳೋ ಬೆಳಕು ಒಳಗೆ ಚದುರಿ ಮಂಜು ಕವಿದ ಹಾಗೆ ಆಗುತ್ತೆ. ನೀಲಿ ಜಾಸ್ತಿ ಇದ್ರೆ ಚದುರೋದೂ ಜಾಸ್ತಿ. "ಬೆಳಕು ಚುಚ್ಚುತ್ತೆ, ಅಕ್ಷರ ಕಾಣಲ್ಲ" ಅಂತ ಅವರು ಹೇಳಿದ್ದು ಇದನ್ನೇ. ನಾವು ಪುಸ್ತಕದಲ್ಲಿ ಓದಿದ್ದನ್ನ ಅವರು ಒಂದೇ ವಾಕ್ಯದಲ್ಲಿ ಹೇಳಿದ್ದಾರೆ.

ಬಲ್ಬ್ ಬರಿಗಣ್ಣಿಗೆ ಕಾಣೋ ಹಾಗೆ ನೇತಾಡ್ತಿದೆಯಾ? ಅವರು ಕೂರೋದು ಅದರ ಸರಿಯಾಗಿ ಕೆಳಗಾ, ಮುಂದಾ?

ಹೊಸಬೆಳಕು

ಹೌದು ಅಕ್ಕ, ಬರೀ ಹೋಲ್ಡರ್, ಶೇಡ್ ಇಲ್ಲ. ಬಲ್ಬ್ ಹಾಲ್ ನಡುವೆ ಸೀಲಿಂಗಲ್ಲಿದೆ. ಅಪ್ಪನ ಕುರ್ಚಿ ಗೋಡೆ ಪಕ್ಕ, ಬಲ್ಬಿಗೆ ಬೆನ್ನು ಹಾಕಿ ಕೂತ್ರೆ ಪೇಪರ್ ಮೇಲೆ ಅವರದ್ದೇ ನೆರಳು, ಎದುರು ಕೂತ್ರೆ ಕಣ್ಣಿಗೆ ಕುಕ್ಕುತ್ತೆ.

ಓದುವಕಣ್ಣು

ಹಾಗಿದ್ರೆ ಸೀಲಿಂಗ್ ಬಲ್ಬ್ ಎಷ್ಟು ದೊಡ್ಡದು ಹಾಕಿದ್ರೂ ಪ್ರಯೋಜನ ಇಲ್ಲ. ಬೆಳಕನ್ನ ಪೇಪರ್ ಹತ್ತಿರ ತನ್ನಿ. ಕುರ್ಚಿ ಪಕ್ಕ ಒಂದು ಓದುವ ದೀಪ ಇಡಿ, ಎಡಭುಜದ ಹಿಂದಿನಿಂದ ಪೇಪರ್ ಮೇಲೆ ಬೀಳೋ ಹಾಗೆ. ಬಲ್ಬ್ ಅವರ ಕಣ್ಣಿಗೆ ನೇರ ಕಾಣಬಾರದು, ಶೇಡ್ ಆಳ ಇರಲಿ. 3000 ಅಥವಾ 4000 ಕೆಲ್ವಿನ್, ಅವರಿಗೇ ಎರಡೂ ತೋರಿಸಿ ಕೇಳಿ. ಬಿಳಿ ಇಷ್ಟ ಪಡೋ ಹಿರಿಯರೂ ಇದ್ದಾರೆ, ನಾವೇ ನಿರ್ಧಾರ ಮಾಡಬಾರದು.

ಆದರೆ ಮೊದಲು ಕಣ್ಣು ತೋರಿಸಿ. ಎಂಟು ತಿಂಗಳಲ್ಲಿ ಪೊರೆ ಬೆಳೆದಿರಬಹುದು, ನಾವು ಇಲ್ಲಿ ಬಲ್ಬನ್ನ ದೂರ್ತಾ ಕೂತಿರಬಾರದು.

ಮೇಷ್ಟ್ರು

ಅಕ್ಕ ಹೇಳಿದ "ಹತ್ತಿರ ತನ್ನಿ" ಎಂಬ ಮಾತಿನ ಬಲ ಎಷ್ಟೆಂದು ಲೆಕ್ಕ ಹಾಕಿ ನೋಡಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಪೇಪರಿನಿಂದ 2 ಮೀಟರ್ ದೂರದಲ್ಲಿದ್ದ ಬಲ್ಬನ್ನು ಅರ್ಧ ಮೀಟರಿಗೆ ತಂದರೆ ಹದಿನಾರು ಪಟ್ಟು. 5 ವಾಟಿನ ಪುಟ್ಟ ದೀಪವೂ ಸಾಕು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಿಮ್ಮ ಹಾಲ್‌ನಲ್ಲಿ ಆಗಿರುವುದು ಅಕ್ಷರಶಃ ಅದೇ.

ಬಿಚ್ಚಿನೋಡು

ಸುಟ್ಟುಹೋದ ಬಲ್ಬ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನು ಹೇಳ್ತೀನಿ. ನಾನು ಸತ್ತ ಎಲ್‌ಇಡಿ ಬಲ್ಬ್ ಎಸೆಯೋಕೆ ಮುಂಚೆ ಬಿಚ್ಚಿ ನೋಡ್ತೀನಿ. ಈವರೆಗೆ ಮೂವತ್ತರ ಮೇಲೆ ಬಿಚ್ಚಿದ್ದೀನಿ.

ನಿನ್ನೆ ಬಿಚ್ಚಿದ್ದು ಹೇಳ್ತೀನಿ. ಮೇಲಿನ ಪ್ಲಾಸ್ಟಿಕ್ ಗುಮ್ಮಟ ತಿರುಗಿಸಿದ್ರೆ ಕೈಗೆ ಬಂತು. ಒಳಗೆ ದುಂಡಗಿನ ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೆ ಹನ್ನೆರಡು ಹಳದಿ ಚಿಪ್ ವೃತ್ತಾಕಾರದಲ್ಲಿ. ಹನ್ನೊಂದು ನಿಂಬೆ ಹಳದಿ ಹಾಗೇ ಇದ್ವು. ಒಂದರ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕಿ. ಅದೊಂದೇ ಸತ್ತಿದ್ದು. ಎಲ್ಲಾ ಚಿಪ್ ಸರಮಾಲೆ ಥರ ಒಂದರ ಹಿಂದೆ ಒಂದು ಜೋಡಿಸಿರ್ತಾರೆ, ಒಂದು ಕಡಿದ್ರೆ ಪೂರ್ತಿ ಕತ್ತಲೆ. ಬಿಲ್ಲೆ ಹಿಂದೆ ಶಾಖ ದಾಟಿಸೋ ಬೆಳ್ಳಗಿನ ಥರ್ಮಲ್ ಪೇಸ್ಟ್ ಇರಬೇಕಾದ ಜಾಗ ಬೋಳು. ಬಿಲ್ಲೆ ಮೈಗೆ ಸರಿಯಾಗಿ ಕೂತೂ ಇರಲಿಲ್ಲ, ಉಗುರು ತೂರೋಷ್ಟು ಸಂದು.

ಎಲ್‌ಇಡಿ ಬಿಸಿ ಆಗಲ್ಲ ಅಂತ ಹೇಳ್ತಾರೆ, ಅದು ಅರ್ಧ ಸತ್ಯ. ಹಳದಿ ಬಲ್ಬ್ ತನ್ನ ಶಾಖಾನ ಬೆಳಕಿನ ಜೊತೆಗೇ ಮುಂದಕ್ಕೆ ಎಸೆಯುತ್ತೆ. ಎಲ್‌ಇಡಿ ಹಾಗೆ ಎಸೆಯಲ್ಲ, ಅದರ ಶಾಖ ಚಿಪ್ಪಿನ ಹಿಂದೆ ಕೂತುಬಿಡುತ್ತೆ. 9 ವಾಟಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವೇ. ಅದು ಬಲ್ಬಿನ ಮೈ ಮೂಲಕ ಗಾಳಿಗೆ ಹೋಗಬೇಕು. ನೀವು ಅದನ್ನ ಗಾಜಿನ ಬುರುಡೆಯೊಳಗೆ ಮುಚ್ಚಿಟ್ರೆ ಎಲ್ಲಿಗೆ ಹೋಗಬೇಕು? ಎಷ್ಟೋ ಸಲ ಚಿಪ್ಪಿಗಿಂತ ಮೊದಲು ಒಳಗಿನ ಡ್ರೈವರಿನ (ಮೇನ್ ಕರೆಂಟನ್ನ ಚಿಪ್ಪಿಗೆ ಬೇಕಾದ ಹಾಗೆ ಬದಲಾಯಿಸೋ ಸರ್ಕ್ಯೂಟ್) ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗುತ್ತೆ. ಹತ್ತು ಡಿಗ್ರಿ ಬಿಸಿ ಏರಿದ್ರೆ ಅದರ ಆಯಸ್ಸು ಅರ್ಧ ಅಂತ ಎಲೆಕ್ಟ್ರಾನಿಕ್ಸ್ ಕೆಲಸದವರೆಲ್ಲ ಲೆಕ್ಕ ಹಿಡಿಯೋದು.

ಆ 25,000 ಗಂಟೆ ಬಗ್ಗೆ: ದಿನಕ್ಕೆ 5 ಗಂಟೆಯಂತೆ ಅದು 13 ವರ್ಷ ದಾಟುತ್ತೆ. ಬಿಡದೆ ಉರಿಸಿದ್ರೂ 2 ವರ್ಷ 10 ತಿಂಗಳು. ಮಾರುಕಟ್ಟೆಗೆ ಬಿಡೋ ಮುಂಚೆ ಯಾರೂ ಅಷ್ಟು ಕಾಯಲ್ಲ. ಚಿಪ್ಪನ್ನ ಸಾಮಾನ್ಯವಾಗಿ 6,000 ಗಂಟೆ ಅಥವಾ ಸ್ವಲ್ಪ ಜಾಸ್ತಿ ಉರಿಸಿ, ಬೆಳಕು ಎಷ್ಟು ಇಳೀತು ನೋಡಿ, ಮುಂದಿನದ್ದನ್ನ ಲೆಕ್ಕ ಕಟ್ತಾರೆ. ಬೆಳಕು ಮೊದಲಿದ್ದದ್ದರ ನೂರಕ್ಕೆ 70 ಭಾಗಕ್ಕೆ ಇಳಿಯೋ ಹೊತ್ತನ್ನ ಆಯಸ್ಸು ಅಂತಾರೆ. ಡ್ರೈವರ್ ಅದಕ್ಕೂ ಮುಂಚೆ ಸತ್ರೆ ಆ ಲೆಕ್ಕ ನಿಮ್ಮ ಕೈ ಹಿಡಿಯಲ್ಲ. ಹಾಗಾಗಿ ನಾನು ನೋಡೋದು ಗಂಟೆ ಅಲ್ಲ, ವಾರಂಟಿ ಎಷ್ಟು ವರ್ಷ ಅಂತ.

ಬುರುಡೆಗೆ ಹಾಕೋದಾದ್ರೆ ಕಡಿಮೆ ವಾಟಿನದ್ದು ಹಾಕಿ, 5 ವಾಟ್ ಸಾಕು, ಅಥವಾ ಮುಚ್ಚಿದ ಫಿಟ್ಟಿಂಗಿಗೆ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿರೋದನ್ನ ತಗೊಳ್ಳಿ. ಬಚ್ಚಲಿಗೆ ನೀರಾವಿ ಒಳಗೆ ಹೋಗದ ಸೀಲ್ ಇರೋ ಎಲ್‌ಇಡಿ ಫಿಟ್ಟಿಂಗೇ ಬೇರೆ ಸಿಗುತ್ತೆ, ಅದು ವಾಸಿ.

ದಿನಕ್ಕೊಂದುಪ್ರಶ್ನೆ

ಆ ಸತ್ತ ಒಂದು ಚಿಪ್ಪನ್ನ ಸೋಲ್ಡರ್ ಹಾಕಿ ಸೇರಿಸಿದ್ರೆ ಬಲ್ಬ್ ಮತ್ತೆ ಹತ್ತುತ್ತೆ ಅಂತ ವಿಡಿಯೋ ನೋಡಿದ್ದೆ. ಮಾಡಬಹುದಾ?

ಬಿಚ್ಚಿನೋಡು

ಹತ್ತುತ್ತೆ. ಆದ್ರೆ ಕೆಲವು ಬಲ್ಬಲ್ಲಿ ಉಳಿದ ಹನ್ನೊಂದರ ಮೇಲೆ ಹೊರೆ ಹೆಚ್ಚಿ, ಬೇಗನೇ ಇನ್ನೊಂದು ಹೋಗಬಹುದು. ಅದಕ್ಕಿಂತ ದೊಡ್ಡ ಮಾತು: ಅಗ್ಗದ ಬಲ್ಬಲ್ಲಿ ಆ ಬಿಲ್ಲೆಗೂ ಮೇನ್ ಲೈನಿಗೂ ನಡುವೆ ಯಾವ ಬೇರ್ಪಡಿಕೆಯೂ ಇರಲ್ಲ. ಗುಮ್ಮಟ ತೆಗೆದು ಹೋಲ್ಡರಿಗೆ ಹಾಕಿ ಪರೀಕ್ಷೆ ಮಾಡೋದು ಬರೀ ತಂತಿ ಮುಟ್ಟಿದ ಹಾಗೇ. ದಯವಿಟ್ಟು ಬೇಡ.

ಮೀಟರ್‌ಲೆಕ್ಕ

ಎಲ್ಲಾ ಒಂದೇ ದಿನ ಬದಲಾಯಿಸಿದ್ದೇ ನನಗೆ ಸರಿ ಅನ್ಸಿಲ್ಲ. ದೀಪ ಎಷ್ಟು ಹೊತ್ತು ಉರಿಯುತ್ತೆ ಅನ್ನೋದರ ಮೇಲೆ ಸರದಿ ಹಾಕಬೇಕು.

ಹಾಲ್‌ನ 60 ವಾಟಿನ ಬಲ್ಬ್ ದಿನಕ್ಕೆ 5 ಗಂಟೆ ಉರಿದ್ರೆ ವರ್ಷಕ್ಕೆ 109 ಯೂನಿಟ್. 9 ವಾಟಿನದ್ದು 16. ಇದು ಮೊದಲು ಆಗಲೇಬೇಕಾದ ಕೆಲಸ. ಅದೇ 60 ವಾಟಿನ ಬಲ್ಬ್ ಸಾಮಾನು ಕೋಣೇಲಿ ದಿನಕ್ಕೆ ಹತ್ತು ನಿಮಿಷ ಉರಿದ್ರೆ ವರ್ಷಕ್ಕೆ ನಾಲ್ಕು ಯೂನಿಟ್ ಕೂಡ ಇಲ್ಲ. ಅದು ತಾನಾಗಿ ಹೋಗೋವರೆಗೂ ಇರಲಿ ಬಿಡಿ. ಸಿಎಫ್‌ಎಲ್ 14 ವಾಟಿಂದ 9ಕ್ಕೆ ಇಳಿಸಿದ್ರೂ ದಿನಕ್ಕೆ 5 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ ಉಳಿಯೋದು 9 ಯೂನಿಟ್. ಚೆನ್ನಾಗಿ ಉರಿಯೋ ಸಿಎಫ್‌ಎಲ್ ಕಿತ್ತು ಕಸ ಮಾಡೋದು ಯಾಕೆ?

ಎಲ್ಲರೂ ಮರೆಯೋದು ಝೀರೋ ಬಲ್ಬ್. ಹೆಸರಿಗೆ ಝೀರೋ, ಹಳೇದು ಎಳೆಯೋದು 12ರಿಂದ 15 ವಾಟ್. ರಾತ್ರಿ 10 ಗಂಟೆ ಉರಿದ್ರೆ ವರ್ಷಕ್ಕೆ 50 ಯೂನಿಟ್ ಹತ್ತಿರ. ಅರ್ಧ ವಾಟಿನ ಎಲ್‌ಇಡಿ ರಾತ್ರಿದೀಪ ಎರಡು ಯೂನಿಟಲ್ಲಿ ವರ್ಷ ಮುಗಿಸುತ್ತೆ. ನಮ್ಮನೇಲಿ ಮೂರು ಕೋಣೇಲಿ ಇದ್ವು, ಅದು ಗೊತ್ತಾದ ದಿನ ನಿಜವಾಗಲೂ ಸಂಕಟ ಆಯ್ತು.

ಕಟಿಂಗ್‌ಪ್ಲೇಯರ್

ಮೇಡಂ ಲೆಕ್ಕ ಸರಿ ಇದೆ, ಒಂದು ಸೇರಿಸ್ತೀನಿ. ಸಿಎಫ್‌ಎಲ್, ಹಳೇ ಟ್ಯೂಬ್ ಎರಡರಲ್ಲೂ ಪಾದರಸ ಇದೆ. ಇರೋದು ಕೆಲವೇ ಮಿಲಿಗ್ರಾಂ, ಆದ್ರೂ ಕಸದ ಬುಟ್ಟಿಗೆ ಒಡೆದು ಹಾಕಬಾರದು. ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ಮನೇಲಿ ಒಡೆದ್ರೆ ಕಿಟಕಿ ತೆಗೆದು ಮಕ್ಕಳನ್ನ ಹೊರಗೆ ಕಳಿಸಿ, ಪೊರಕೆ, ವ್ಯಾಕ್ಯೂಮ್ ಎರಡೂ ಮುಟ್ಟಬೇಡಿ, ಗಟ್ಟಿ ರಟ್ಟಿನಲ್ಲಿ ಬಳಿದು, ಉಳಿದ ಪುಡಿಯನ್ನ ಅಂಟು ಟೇಪಲ್ಲಿ ತೆಗೆದು ಮುಚ್ಚಳ ಇರೋ ಡಬ್ಬಕ್ಕೆ ಹಾಕಿ.

ಮತ್ತೆ ಹೊಸಬೆಳಕು ಅವರೇ, ಟ್ಯೂಬ್ ಬದಲಾಯಿಸಿದ್ದು ಯಾರು? ಪಟ್ಟಿಯೊಳಗಿನ ಚೋಕ್ (ಟ್ಯೂಬಿಗೆ ಹೋಗೋ ಕರೆಂಟನ್ನ ಹಿಡಿತದಲ್ಲಿಡೋ ಭಾಗ) ತೆಗೆದ್ರಾ?

ಹೊಸಬೆಳಕು

ನಾನೇ ಹಾಕಿದೆ. ಹಳೇ ಟ್ಯೂಬ್ ತೆಗೆದು, ಡಬ್ಬದ ಜೊತೆ ಬಂದಿದ್ದ ಹೊಸ ಸ್ಟಾರ್ಟರ್ ಥರದ್ದನ್ನ ಹಾಕಿ, ಹೊಸ ಟ್ಯೂಬ್ ಸಿಕ್ಕಿಸಿದೆ. ಉರೀತಿದೆ.

ಕಟಿಂಗ್‌ಪ್ಲೇಯರ್

ಸರಿಯಾಗೇ ಮಾಡಿದೀರ. ಆ ಜೊತೆಗೆ ಬಂದಿದ್ದು ಸ್ಟಾರ್ಟರ್ ಅಲ್ಲ, ಒಳಗೆ ಫ್ಯೂಸ್ ಇರೋ ಡಮ್ಮಿ. ಹಳೇ ತಾಮ್ರದ ಚೋಕ್ ಇರೋ ಪಟ್ಟಿಗೆ ಆ ಥರದ ಟ್ಯೂಬ್ ನಡೆಯುತ್ತೆ. ಎಲೆಕ್ಟ್ರಾನಿಕ್ ಚೋಕ್ ಇದ್ದಿದ್ರೆ ನಡೀತಿರಲಿಲ್ಲ. ಮುಂದೆ ಚೋಕ್ ಬೈಪಾಸ್ ಮಾಡಿಸಿ, ಅದು ತಿನ್ನೋ ಒಂದೆರಡು ವಾಟೂ ಉಳಿಯುತ್ತೆ, ಹಳೇ ಚೋಕಿನ ಗುಂಯ್ ಸದ್ದೂ ಹೋಗುತ್ತೆ. ಬೈಪಾಸ್ ಮಾಡಿಸಿದ ಪಟ್ಟಿ ಮೇಲೆ "ಎಲ್‌ಇಡಿ ಟ್ಯೂಬ್ ಮಾತ್ರ" ಅಂತ ಮಾರ್ಕರಲ್ಲಿ ದಪ್ಪಕ್ಕೆ ಬರೆಸಿ. ಐದು ವರ್ಷ ಬಿಟ್ಟು ಯಾರೋ ಹಳೇ ಟ್ಯೂಬ್ ತಂದು ಸಿಕ್ಕಿಸಿದ್ರೆ ಅನಾಹುತ. ಕೆಲವು ಎಲ್‌ಇಡಿ ಟ್ಯೂಬಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ ಬರುತ್ತೆ, ಕೆಲವಕ್ಕೆ ಎರಡು ತುದಿಗೆ. ಚೀಟಿಯಲ್ಲಿರೋ ಚಿತ್ರ ನೋಡದೆ ಕೈ ಹಾಕಬಾರದು.

ಅರೆತಲೆನೋವು

ನಾನು ಎಷ್ಟೋ ತಿಂಗಳು ಒದ್ದಾಡಿದ ಮೇಲೆ ಗೊತ್ತಾದ ವಿಷಯ ಇಲ್ಲಿ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗಲಿ. ಕೆಲವು ಎಲ್‌ಇಡಿ ಕಣ್ಣಿಗೆ ಗೊತ್ತಾಗದ ಹಾಗೆ ನಡುಗ್ತಾ ಇರುತ್ತೆ. ಕರೆಂಟ್ 50 ಹರ್ಟ್ಸ್ ಇದ್ರೆ ಬೆಳಕು ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತೆ. ಹಳದಿ ಬಲ್ಬಿನ ತಂತಿ ಅಷ್ಟು ಬೇಗ ತಣ್ಣಗಾಗಲ್ಲ, ಅದಕ್ಕೆ ಅಲ್ಲಿ ನಡುಕ ಕಡಿಮೆ. ಒಳ್ಳೆ ಡ್ರೈವರ್ ಇಲ್ಲದ ಎಲ್‌ಇಡಿ ಪ್ರತಿ ಸಲವೂ ಪೂರ್ತಿ ಆರಿ ಹತ್ತುತ್ತೆ. ನನ್ನ ಕೆಲಸದ ಮೇಜಿನ ಮೇಲಿದ್ದ ದೀಪ ಅಂಥದ್ದು. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿನ ಹಿಂದೆ ನೋವು ಶುರುವಾಗೋದು.

ಪತ್ತೆ ಹಚ್ಚೋದು ಸುಲಭ. ಆ ದೀಪ ಒಂದನ್ನೇ ಹಚ್ಚಿ, ಪೆನ್ನನ್ನ ಅದರ ಮುಂದೆ ಬೀಸಣಿಗೆ ಥರ ಜೋರಾಗಿ ಆಡಿಸಿ. ಪೆನ್ನು ಮಸುಕಾಗಿ ಕಂಡ್ರೆ ದೀಪ ಒಳ್ಳೇದು. ಒಂದರ ಪಕ್ಕ ಒಂದು ಐದಾರು ಪೆನ್ನು ಬಿಡಿಬಿಡಿಯಾಗಿ ಕಂಡ್ರೆ ನಡುಗ್ತಿದೆ ಅಂತ ಅರ್ಥ. ಮೊಬೈಲ್ ಕ್ಯಾಮೆರಾದ ಸ್ಲೋಮೋಷನ್ನಲ್ಲಿ ಹಿಡಿದ್ರೂ ಕಪ್ಪು ಪಟ್ಟೆ ಓಡೋದು ಕಾಣುತ್ತೆ. ಬಲ್ಬ್ ಬದಲಾಯಿಸಿದ ಮೇಲೆ ನನ್ನ ತಲೆನೋವು ಪೂರ್ತಿ ಹೋಗಿದೆ ಅಂತ ಹೇಳಲ್ಲ, ಆದ್ರೆ ಮೇಜಿನ ಮುಂದೆ ಕೂತ ಕಾರಣಕ್ಕೆ ಬರೋದು ನಿಂತಿದೆ.

ಮತ್ತೆ ಬೆಳಕು ಹೆಚ್ಚು ಕಡಿಮೆ ಮಾಡೋ ಹಳೇ ಡಿಮ್ಮರಿಗೆ ಸಾದಾ ಎಲ್‌ಇಡಿ ಹಾಕಬೇಡಿ, ನಡುಕ ಇನ್ನೂ ಜೋರು. ಡಿಮ್ಮರಿಗೆ ಆಗೋ ಬಲ್ಬ್ ಬೇರೆ.

ಕೋಳಿಗೂಡು

ಎಲ್ಲಾ ಕಡೆ ಎಲ್‌ಇಡಿ ಹಾಕೋಕೂ ಆಗಲ್ಲ ಅಂತ ಒಂದು ಮಾತು. ಮರಿಗಳಿಗೆ ಕಾವು ಕೊಡೋ ಗೂಡಲ್ಲಿ ನನ್ನ ತಮ್ಮ ಉಳಿತಾಯ ಅಂತ 60 ವಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ. ಬೆಳಕು ಚೆನ್ನಾಗೇ ಇತ್ತು. ಬೆಳಗ್ಗೆ ನೋಡಿದ್ರೆ ಮರಿ ಎಲ್ಲಾ ಮೂಲೇಲಿ ಒಂದರ ಮೇಲೊಂದು ಮುದುರಿಕೊಂಡಿದ್ವು, ನಾಲ್ಕು ಹೋಗಿದ್ವು. ಅಲ್ಲಿ ಬೇಕಾಗಿದ್ದು ಶಾಖ. ಒವನ್ ಒಳಗಿನ ದೀಪಕ್ಕೂ ಎಲ್‌ಇಡಿ ಆಗಲ್ಲ, ಆ ಬಿಸಿ ಅದು ತಡೆಯಲ್ಲ.

ಹೊಸಬೆಳಕು

ಐದು ವಾರ ಆಯ್ತು, ಏನೇನಾಯ್ತು ಅಂತ ಹೇಳೋಕೆ ಬಂದೆ.

ಕಟಿಂಗ್‌ಪ್ಲೇಯರ್ ಅಣ್ಣ, ನಿಮಗೆ ಕೈ ಮುಗಿದು ಹೇಳ್ತೀನಿ. ಇಂಡಿಕೇಟರ್ ಸ್ವಿಚ್ ತೆಗೆಸಿದ್ರೂ ಮಿಣುಕೋದು ಸ್ವಲ್ಪ ಉಳಿದಿತ್ತು. ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟ ಕೂಡ್ಲೇ, ಸ್ವಿಚ್ ಆಫ್ ಇದ್ರೂ ಹೋಲ್ಡರಲ್ಲಿ ಕೆಂಪು ಹತ್ತಿತು. ನ್ಯೂಟ್ರಲ್ಲೇ ಸ್ವಿಚ್ಚಿಗೆ ಕೊಟ್ಟಿದ್ರು. ಪ್ಯಾಸೇಜ್ ಮಾತ್ರ ಅಲ್ಲ, ಬಚ್ಚಲಲ್ಲೂ ಹಾಗೇ. ಒದ್ದೆ ಕೈಯಲ್ಲಿ ಅಲ್ಲಿ ಬಲ್ಬ್ ಬದಲಾಯಿಸಿದ್ದು ನೆನಪಾಗಿ ಕಾಲು ನಡುಗಿತು. ಎರಡೂ ಸರಿ ಮಾಡಿಸಿದೆ.

ಅಪ್ಪನ ಕಣ್ಣು ತೋರಿಸಿದೆ. ಬಲಗಣ್ಣಲ್ಲಿ ಪೊರೆ ಶುರುವಾಗಿದೆ, ಈಗಲೇ ಆಪರೇಷನ್ ಬೇಡ ಅಂದ್ರು, ಕನ್ನಡಕದ ನಂಬರ್ ಬದಲಾಯ್ತು. ಓದುವ ದೀಪಕ್ಕೆ 3000, 4000 ಎರಡೂ ಬಲ್ಬ್ ತಂದು ಯಾವುದು ಯಾವುದು ಅಂತ ಹೇಳದೆ ಹಾಕಿ ತೋರಿಸಿದೆ. ಅಪ್ಪ 4000 ಆರಿಸಿದ್ರು, ನಾನು ಹಳದಿ ಕಡೆಗೇ ಹೋಗ್ತಾರೆ ಅಂದ್ಕೊಂಡಿದ್ದೆ. ಶೇಡ್ ಮಾತ್ರ ಇನ್ನೂ ಕೆಳಗೆ ಬಗ್ಗಿಸಿಕೊಂಡ್ರು. ನಿನ್ನೆ ರಾತ್ರಿ ಊಟ ಆದ ಮೇಲೆ ಪೇಪರಿನ ಕೊನೇ ಪುಟದ ಸಣ್ಣ ಅಕ್ಷರದ ಜಾಹೀರಾತು ಗಟ್ಟಿಯಾಗಿ ಓದಿ ಹೇಳ್ತಿದ್ರು. ಅಡುಗೆಮನೇಲಿದ್ದ ಅಮ್ಮ ಕೆಲಸ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತು ಕೇಳಿದ್ರು.

ಹಾಲ್, ಮಲಗೋ ಕೋಣೆಗೆ 2700. ಬುರುಡೆಗಳಿಗೆ 5 ವಾಟ್. ಝೀರೋ ಬಲ್ಬ್ ನಮ್ಮಲ್ಲೂ ಎರಡಿದ್ವು, ತೆಗೆದೆ.

ಹಳದಿಯೇಸಾಕು

ಕೇಳಿ ತುಂಬಾ ಸಂತೋಷ ಆಯ್ತು. ಮೇಷ್ಟ್ರು ಹೇಳಿದ 90 ಸಿಆರ್‌ಐ ಬಲ್ಬ್ ಬೀರಿನ ಮುಂದೆ ಹಾಕಿದೆ. ಕಡು ನೀಲಿ ನೀಲಿಯಾಗೇ ಕಾಣ್ತಿದೆ. ಇನ್ನೂ ನಾಲ್ಕು ತರ್ತೀನಿ.

ಮೀಟರ್‌ಲೆಕ್ಕ

ತೆಗೆದ 6500ರ ಬಲ್ಬ್‌ಗಳನ್ನ ಎಸೀಬೇಡಿ ಹೊಸಬೆಳಕು ಅವರೇ, ಚೆನ್ನಾಗಿ ಉರಿಯೋವು ಅವು.

ಹೊಸಬೆಳಕು

ಎಸೆದಿಲ್ಲ ಮೇಡಂ. ಎರಡು ಬಿಡಿಗೆ ಇಟ್ಟಿದೀನಿ. ಒಂದನ್ನ ಅಮ್ಮ ಹೊಲಿಗೆ ಮೆಷಿನ್ ಮೇಲೆ ಹಾಕಿಸಿಕೊಂಡ್ರು, ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಹೋಗೋದು ಅದರಲ್ಲಿ ಮಾತ್ರ ಕಾಣುತ್ತಂತೆ.